ಪಕ್ಕದಿಂದ ತೆಗೆದ ಚಿತ್ರ

ಊಟದ ಡಬ್ಬಿ ಬಿಚ್ಚಿ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಅಮ್ಮನ ಫೋನು ಬಂತು. ನಾನು ಊಟಕ್ಕೆ ಕೂತದ್ದು ಅವಳಿಗೆ ಅದು ಹೇಗೆ ಗೊತ್ತಾಗುತ್ತದೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

"ನಿಮ್ಮಪ್ಪ ಇವತ್ತು ಪಕ್ಕದಿಂದ ತೆಗೆದಿದ್ದಾರೆ ಕಣೇ!" ಎಂದಳು. ಹಲೋ ಇಲ್ಲ, ಊಟ ಆಯಿತಾ ಇಲ್ಲ.

"ಏನನ್ನ?"

"ಏನನ್ನ ಅಂತ ಕೇಳ್ತಾಳೆ ನೋಡು! ಹುಳಾನ. ಬಾಲದ ತುದಿ ಎಷ್ಟು ಚೆನ್ನಾಗಿ ಬಂದಿದೆ ಅಂದ್ರೆ, ಕಣ್ಣು ಮುಚ್ಕೊಂಡು ಹೆಣ್ಣು ಅಂತ ಹೇಳಬಹುದು."

"ಕಣ್ಣು ಮುಚ್ಕೊಂಡೇ ಹೇಳೋದಾದ್ರೆ ಚಿತ್ರ ಯಾಕಮ್ಮ ಬೇಕು?"

"ತಮಾಷೆ ಸಾಕು. ಒಂದಲ್ಲ, ಸಾಲಾಗಿ ಕಳಿಸಿದ್ದಾರೆ."

"ಅಪ್ಪ ಬಗ್ಗಿದ್ರಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?"

ಇಬ್ಬರೂ ನಕ್ಕೆವು. ಆಮೇಲೆ ಅವಳು ಎಂದಿನಂತೆ ರಾಗ ಎಳೆದಳು. ಒಳ್ಳೆಯ ಚಿತ್ರಗಳ ಬೆನ್ನಿಗೇ ಅಪ್ಪ ಸುಮ್ಮನೆ ಬಟನ್ ಒತ್ತಿ ಒತ್ತಿ ಏನೇನೋ ಕಳಿಸಿದ್ದಾರೆ, ಕಂಪ್ಯೂಟರ್ ತುಂಬಿಹೋಗುತ್ತದೆ, ಹುಳ ಇಲ್ಲದ್ದನ್ನೆಲ್ಲ ತೆಗೆದು ಹಾಕಿದೆ ಎಂದಳು. ಸಂತೋಷ, ಇಡ್ತೀನಿ ಎಂದು ನಾನು ಫೋನ್ ಇಟ್ಟೆ. ಡಬ್ಬಿ ಖಾಲಿ ಮಾಡಿ ಕೈ ತೊಳೆದುಕೊಂಡೆ.

ನಮ್ಮ ಮನೆಯಲ್ಲಿ ಮೂವರಿಗೂ ಚಿತ್ರದ್ದೇ ಕೆಲಸ. ನಾನು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ, ಸ್ಕ್ಯಾನ್ ತೆಗೆಯುವವಳು. ತೆಗೆಯುವವಳು ಮಾತ್ರ, ಓದುವವರು ಮೇಲಿನ ಮಹಡಿಯ ಡಾಕ್ಟರು. ಹೊರಗೆ ಬೆಂಚಿನ ಮೇಲೆ ಕೂತವರು ನನ್ನ ಮುಖವನ್ನೇ ನೋಡುತ್ತ "ಏನಿದೆ ಮೇಡಂ?" ಎಂದು ಕೇಳುತ್ತಾರೆ. "ನಾನು ತೆಗೆಯೋಳು ಅಷ್ಟೇ, ಡಾಕ್ಟರು ಹೇಳ್ತಾರೆ" ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಗೊತ್ತಿರುವುದಿಲ್ಲವೆಂದಲ್ಲ. ದಿನಾ ಅದನ್ನೇ ನೋಡುವವರಿಗೆ ಗೊತ್ತಾಗದೆ ಇರುತ್ತದೆಯೇ? ಹೇಳುವ ಹಾಗಿಲ್ಲ.

ಮನೆಯಲ್ಲಿ ತೆಗೆಯುವವರು ಅಪ್ಪ, ಓದುವವಳು ಅಮ್ಮ. ಅಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದವಳು. ಏರೋಪ್ಲೇನ್ ಚಿಟ್ಟೆ ಎಲ್ಲರಿಗೂ ಗೊತ್ತು. ಅದರ ತೆಳ್ಳಗಿನ ತಂಗಿಯಂಥದ್ದೊಂದು ಹುಳವಿದೆ. ಕಡ್ಡಿಯಷ್ಟೇ ದಪ್ಪದ ಮೈ, ಕೂತಾಗ ರೆಕ್ಕೆ ಮಡಿಚಿ ಬೆನ್ನಿನ ಮೇಲಿಟ್ಟುಕೊಳ್ಳುತ್ತದೆ. ಅಮ್ಮ ಅದನ್ನು ಡ್ಯಾಮ್ಸೆಲ್‌ಫ್ಲೈ ಎನ್ನುತ್ತಾಳೆ, ಅಪ್ಪ ಸೂಜಿಹುಳ ಎನ್ನುತ್ತಾರೆ. ಕೆರೆ ಕುಂಟೆಗಳ ಹತ್ತಿರ ಜನ ತೆಗೆದ ಅದರ ಚಿತ್ರಗಳು ಒಂದು ವೆಬ್‌ಸೈಟಿಗೆ ಬಂದು ಬೀಳುತ್ತವೆ. ಅದು ಯಾವ ಜಾತಿ, ಗಂಡೋ ಹೆಣ್ಣೋ, ಎಳೆಯದೋ ಬಲಿತದ್ದೋ ಎಂದು ಕೂತು ತೀರ್ಮಾನಿಸುವ ನಾಲ್ಕಾರು ಜನರಲ್ಲಿ ಅಮ್ಮನೂ ಒಬ್ಬಳು. ಚಿತ್ರದಲ್ಲಿ ಕಂಡದ್ದನ್ನು ಮಾತ್ರ ಹೇಳುವುದು ಅವಳ ನಿಯಮ. ಕಾಣದಿದ್ದರೆ 'ನಿರ್ಧರಿಸಲಾಗದು' ಎಂದು ಬರೆದು ಮುಂದಕ್ಕೆ ಹೋಗುತ್ತಾಳೆ. ಮೊಣಕಾಲು ಕೈಕೊಟ್ಟ ಮೇಲೆ ಅವಳಿಗೆ ಕೆರೆಯ ದಂಡೆ ದೂರವಾಯಿತು. ಆಗ ಅಪ್ಪ ತಾವಾಗಿಯೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹೊರಟರು.

ಅಪ್ಪ ಬಸ್ ಚಾಲಕರಾಗಿದ್ದವರು. ಹುಳದ ಗಂಧಗಾಳಿ ಅವರಿಗಿಲ್ಲ. ಅಮ್ಮನನ್ನು 'ಹುಳದ ಮೇಡಂ' ಎಂದು ಕರೆಯುತ್ತ, ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ, ಕಡೆಗೆ ತಮಗೆ ತೋಚಿದ ಹಾಗೆ ತೆಗೆದುಕೊಂಡು ಬರುತ್ತಿದ್ದರು. ಜೀವಮಾನವೆಲ್ಲ ಸ್ಟೀರಿಂಗಿನ ಮುಂದೆ ಕೂತು ಅವರ ಸೊಂಟ ಹಿಡಿದುಹೋಗಿತ್ತು. ಬಗ್ಗುವುದೆಂದರೆ ಆಗದು. ಹಾಗಾಗಿ ಎಲ್ಲ ಚಿತ್ರಗಳೂ ಮೇಲಿನಿಂದ, ನಿಂತಲ್ಲಿಂದಲೇ. ಗಂಡು ಹೆಣ್ಣು ತಿಳಿಯುವುದು ಹೊಟ್ಟೆಯ ಕೆಳಭಾಗದಲ್ಲಿ, ಬಾಲದ ತುದಿಯ ಅಡಿಯಲ್ಲಿ. ಮೇಲಿನಿಂದ ತೆಗೆದರೆ ಅದು ಕಾಣುವುದಿಲ್ಲ.

"ರೀ, ಪಕ್ಕದಿಂದ ತೆಗೀರಿ, ಹುಳದ ಮಟ್ಟಕ್ಕೆ ಬನ್ನಿ" ಎಂದು ಅಮ್ಮ ದಿನಾ ಹೇಳುವಳು.

"ಹುಳದ ಮಟ್ಟಕ್ಕೆ ಇಳಿದ್ರೆ ಮೇಲಕ್ಕೆ ಎತ್ತೋರು ಯಾರು? ಕ್ರೇನ್ ತರಿಸ್ತೀಯಾ?" ಎಂದು ಅಪ್ಪ ದಿನಾ ಕೇಳುವರು.

ಇನ್ನೊಂದು ಜಗಳ ಹಿನ್ನೆಲೆಯದ್ದು. ಅಪ್ಪನಿಗೆ ಕೆರೆ, ಮೋಡ, ದೂರದ ರೈಲು ಎಲ್ಲ ಬೇಕು. ಅಮ್ಮನಿಗೆ ಹುಳ ಬಿಟ್ಟು ಬೇರೇನೂ ಬೇಡ. "ಹುಳ ಬರಲಿ, ಊರು ಬೇಡ" ಎನ್ನುತ್ತಿದ್ದಳು. ಅಪ್ಪ ತೆಗೆದದ್ದು ಅವರ ಚೀಲದಲ್ಲಿನ ಫೋನಿನ ಮೂಲಕ ತಾನಾಗಿಯೇ ಮನೆಯ ಕಂಪ್ಯೂಟರಿಗೆ ಬರುವ ಹಾಗೆ ನಾನೇ ಮಾಡಿಕೊಟ್ಟಿದ್ದೆ. ಅಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಬಂದದ್ದನ್ನು ಬಂದ ಹಾಗೆ ನೋಡಿ, ಹುಳದ ಸುತ್ತಲಿನ ಊರನ್ನೆಲ್ಲ ಕತ್ತರಿಸಿ ಬಿಸಾಡುತ್ತಿದ್ದಳು.

ಸಂಜೆ ನನ್ನ ಪಾಳಿ ಮುಗಿಯುವ ಹೊತ್ತಿಗೆ ಮತ್ತೆ ಅವಳ ಫೋನು ಬಂತು. ಈ ಸಲದ ದನಿಯೇ ಬೇರೆಯಿತ್ತು.

"ಇವರು ಇನ್ನೂ ಬಂದಿಲ್ಲ ಕಣೇ. ಫೋನು ಮೊದಲು ರಿಂಗ್ ಆಗ್ತಿತ್ತು, ಎತ್ತಲಿಲ್ಲ. ಈಗ ಅದೂ ಇಲ್ಲ."

"ಊಟಕ್ಕೂ ಬರಲಿಲ್ವಾ?"

"ಹಳೇ ಡಿಪೋ ಸ್ನೇಹಿತರ ಜೊತೆ ಕೂತಿರ್ತಾರೆ ಅಂದ್ಕೊಂಡೆ. ಚಿತ್ರ ನೋಡ್ತಾ ಕೂತುಬಿಟ್ಟೆ ಕಣೇ. ಹೊತ್ತು ಹೋದದ್ದೇ ತಿಳೀಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಗಂಡ ಊಟಕ್ಕೆ ಬಾರದಿದ್ದರೂ ಗೊತ್ತಾಗದಷ್ಟು ಏನಿದೆ ಆ ಹುಳದ ಬಾಲದಲ್ಲಿ ಎಂದು ಕೇಳಬೇಕೆನಿಸಿತು. ಟ್ಯಾಕ್ಸಿ ಹಿಡಿದು ಮನೆಗೆ ಹೋದೆ. ಅಮ್ಮ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಕಾಲಲ್ಲಿ ಒಂದು ಅವಳ ಚಪ್ಪಲಿ, ಇನ್ನೊಂದು ಅಪ್ಪನದು.

ಕೆರೆಯ ಗೇಟಿನ ಹತ್ತಿರ ಮರದಡಿಯಲ್ಲಿ ಅಪ್ಪನ ಸ್ಕೂಟರ್ ಇತ್ತು. ಹೆಲ್ಮೆಟ್ಟು ಕನ್ನಡಿಗೆ ನೇತುಬಿದ್ದಿತ್ತು. ಬೆಳಿಗ್ಗೆ ಒಳಗೆ ಹೋದದ್ದನ್ನು ಕಂಡೆ, ಹೊರಗೆ ಬಂದದ್ದನ್ನು ಕಾಣೆ ಎಂದ ಕಾವಲುಗಾರ. ಅವನೇ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದ. ನಾನು ದಂಡೆಯುದ್ದಕ್ಕೂ ಅಪ್ಪಾ, ಅಪ್ಪಾ ಎಂದು ಕೂಗುತ್ತ ಓಡಿದೆ, ಗಂಟಲು ಕಟ್ಟಿದ ಮೇಲೆ ವಾಪಸು ಬಂದೆ. ಅಷ್ಟರಲ್ಲಿ ಅಗ್ನಿಶಾಮಕ ದಳದವರು ಬಂದು ರಬ್ಬರ್ ದೋಣಿ ಇಳಿಸಿದ್ದರು.

ಅವರ ಅಧಿಕಾರಿ ನಡುವಯಸ್ಸಿನ ಮನುಷ್ಯ, ಮೊಣಕಾಲಿನವರೆಗಿನ ಗಂಬೂಟು ಹಾಕಿಕೊಂಡಿದ್ದ. ಕಾವಲುಗಾರನ ಕೋಣೆಯಲ್ಲಿ ಅಮ್ಮನನ್ನು ಕೂರಿಸಿ ತಾನು ಬಾಗಿಲಿಗೆ ಒರಗಿ ನಿಂತ. ಒಂದು ಮೇಜು, ಒಂದು ಕುರ್ಚಿ, ನೀರು ಕಾಯಿಸುವ ಕೆಟಲ್, ಮೂಲೆಯಲ್ಲಿ ಕಡ್ಡಿ ಮುರಿದ ಛತ್ರಿ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಕೋಣೆ.

"ನೋಡಮ್ಮಾ, ಮುಚ್ಚುಮರೆ ಬೇಡ. ಈ ಕಡೆ ನೀರು, ಆ ಕಡೆ ರೈಲು ಹಳಿವರೆಗೂ ಆಳೆತ್ತರದ ಹುಲ್ಲು. ನನ್ನ ಹತ್ರ ಇರೋ ಜನ ಇಷ್ಟೇ. ಬೆಳಕು ಹೋಗ್ತಾ ಇದೆ. ಫೋನ್ ಕಂಪನಿಯವರನ್ನ ಕೇಳಿದ್ರೆ ಇಡೀ ಕೆರೆಗೆ ಒಂದೇ ಟವರು, ಜಾಗ ಗೊತ್ತಾಗಲ್ಲ ಅಂತಾರೆ. ಯಜಮಾನ್ರು ಸಾಮಾನ್ಯವಾಗಿ ಯಾವ ಕಡೆ ಹೋಗ್ತಿದ್ರು?"

"ಹುಳ ಇದ್ದ ಕಡೆ" ಎಂದಳು ಅಮ್ಮ.

ಅಧಿಕಾರಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ನಗಲಿಲ್ಲ, ಪುಣ್ಯಾತ್ಮ. "ಇವತ್ತು ತೆಗೆದ ಚಿತ್ರ ಇದೆಯಾ?" ಎಂದು ಕೇಳಿದ.

ಅಮ್ಮ ಲ್ಯಾಪ್‌ಟಾಪ್ ತೆರೆದಳು. ಒಂದರ ಹಿಂದೊಂದು ಹುಳ. ನಾನೂ ಅವನೂ ಬಗ್ಗಿ ನೋಡಿದೆವು. ಹುಳದ ಹಿಂದೆ ಮಸುಕು ಹಸಿರು ಬಿಟ್ಟರೆ ಏನೂ ಇರಲಿಲ್ಲ. ಒಂದು ಕಲ್ಲಿಲ್ಲ, ಒಂದು ದಾರಿಯಿಲ್ಲ, ನೀರಿನ ಒಂದು ಗೆರೆಯೂ ಇಲ್ಲ. ಊರನ್ನೆಲ್ಲ ಅವಳೇ ಕತ್ತರಿಸಿ ಬಿಸಾಡಿದ್ದಳಲ್ಲ.

"ಇದರಲ್ಲಿ ಜಾಗ ಎಲ್ಲಿದೆಯಮ್ಮಾ?" ಎಂದ ಅವನು.

"ಜಾಗ ಇಲ್ಲ. ಆದ್ರೆ ಹುಳ ಇದೆ" ಎಂದಳು ಅಮ್ಮ. ಅವಳ ದನಿ ಲ್ಯಾಬಿನಲ್ಲಿ ಹುಡುಗರಿಗೆ ಹೇಳುವಾಗಿನ ದನಿಯೇ. "ಬೆಳಿಗ್ಗೆ ಮೊದಲು ತೆಗೆದದ್ದು ಇದು. ರೆಕ್ಕೆ ನೋಡಿ, ಹೊಸ ಪ್ಲಾಸ್ಟಿಕ್ ಹಾಗೆ ಮಿನುಗ್ತಿದೆ. ಮೈಗೆ ಬಣ್ಣ ಇನ್ನೂ ಕೂತಿಲ್ಲ. ಇದು ಆಗಷ್ಟೇ ನೀರಿಂದ ಎದ್ದು ಬಂದದ್ದು, ದೂರ ಹಾರೋಕೆ ಶಕ್ತಿ ಇಲ್ಲ. ಅಂದ್ರೆ ಇವರು ಆಗ ನೀರಿನ ಅಂಚಲ್ಲೇ ಇದ್ರು."

"ಸರಿ."

"ಆಮೇಲೆ ಈ ಕಿತ್ತಳೆ ಬಣ್ಣದ್ದು. ಹೆಣ್ಣು, ಇನ್ನೂ ಬಲಿತಿಲ್ಲ. ಬಲಿಯೋವರೆಗೂ ಇವು ನೀರಿನ ಹತ್ರ ಸುಳಿಯಲ್ಲ. ಅಲ್ಲಿ ಗಂಡುಗಳ ಕಾಟ. ದೂರ ಹುಲ್ಲಲ್ಲಿ ಇರ್ತವೆ. ಇವರು ನೀರು ಬಿಟ್ಟು ಈ ಕಡೆ ನಡೆದಿದ್ದಾರೆ."

ಅಧಿಕಾರಿ ಬಾಗಿಲಿನಿಂದ ಒಳಕ್ಕೆ ಒಂದು ಹೆಜ್ಜೆ ಬಂದ. "ಕೊನೇದು?"

ಕೊನೆಯದು ಮಧ್ಯಾಹ್ನದ ಚಿತ್ರ. ಕಪ್ಪು ಮೈ, ಹಸಿರು ಭುಜ, ಬಾಲದ ತುದಿಯಲ್ಲಿ ಒಂದು ಹನಿ ನೀಲಿ. ಒಂದು ಹುಲ್ಲುಕಡ್ಡಿಗೆ ಅಡ್ಡಲಾಗಿ ಕೂತಿತ್ತು. ಎಷ್ಟು ಸ್ಪಷ್ಟವಾಗಿತ್ತೆಂದರೆ ಅದರ ಕಾಲಿನ ರೋಮ ಕಾಣುತ್ತಿತ್ತು.

"ನೀಲಿ ಬಾಲ ನೋಡಿದ ತಕ್ಷಣ ಎಲ್ಲರೂ ಗಂಡು ಅಂತಾರೆ. ಗಂಡು ಅಂದ್ರೆ ನೀರಿನ ಹತ್ರ ಇರಬೇಕು. ಆದ್ರೆ ಇದು ಹೆಣ್ಣು. ಇವುಗಳಲ್ಲಿ ಕೆಲವು ಹೆಣ್ಣು ಗಂಡಿನ ಬಣ್ಣವನ್ನೇ ತೊಟ್ಟಿರ್ತವೆ. ಇಲ್ಲಿ, ಬಾಲದ ಅಡೀಲಿ ನೋಡಿ, ದಪ್ಪಗಿದೆಯಲ್ಲ, ಮೊಟ್ಟೆ ಇಡೋ ಭಾಗ. ಬಲಿತ ಹೆಣ್ಣು. ಮೊಟ್ಟೆ ಇಡೋಕಷ್ಟೇ ನೀರಿಗೆ ಬರುತ್ತೆ, ಉಳಿದ ಹೊತ್ತು ಹುಲ್ಲಲ್ಲಿ. ಇವರು ನೀರಿಗೆ ವಾಪಸು ಬಂದಿಲ್ಲ. ಹುಲ್ಲಲ್ಲೇ ಇದ್ದಾರೆ."

"ಖಂಡಿತಾನಾ ಅಮ್ಮಾ?"

"ಹೆಣ್ಣು ಅನ್ನೋದು ಖಂಡಿತ" ಎಂದಳು ಅಮ್ಮ. "ಹುಲ್ಲಲ್ಲಿ ಇದ್ದಾರೆ ಅನ್ನೋದು... ಹೆಚ್ಚಾಗಿ ಹಾಗೆ."

ಅವನು ದೋಣಿಯವರನ್ನು ನೀರಿನಲ್ಲೇ ಬಿಟ್ಟು, ಉಳಿದವರನ್ನು ಹುಲ್ಲಿಗೆ ಕಳಿಸಿದ. ನನಗೆ ಅವನ ಮೇಲೆ ಗೌರವ ಬಂತು. ಆದರೆ ಹೊರಗೆ ನಿಂತು ನೋಡಿದರೆ, ಕಣ್ಣು ಹಾಯುವವರೆಗೂ ಹುಲ್ಲು. ಒಳಗೆ ಹೋದವರು ಒಬ್ಬೊಬ್ಬರಾಗಿ ತಲೆಯವರೆಗೂ ಮುಳುಗಿ ಮರೆಯಾದರು. ಟಾರ್ಚಿನ ಬೆಳಕು ಅಲ್ಲೊಂದು ಇಲ್ಲೊಂದು ಆಡುತ್ತಿತ್ತು. ನನ್ನ ಅಮ್ಮನ ಇಡೀ ವಿದ್ಯೆ ಸೇರಿ ಹೇಳಿದ್ದು ಇಷ್ಟು: ಅಪ್ಪ ನೀರಿನಲ್ಲಿಲ್ಲ. ಎಲ್ಲಿದ್ದಾರೆ ಎಂದು ಹೇಳಲು ಅದಕ್ಕೆ ತಾಕತ್ತಿರಲಿಲ್ಲ. ನಾನೂ ಹೋಗುತ್ತೇನೆಂದೆ. ನಿಮ್ಮನ್ನೂ ಹುಡುಕೋ ಹಾಗೆ ಮಾಡಬೇಡಿ ಮೇಡಂ ಎಂದು ಅಧಿಕಾರಿ ತಡೆದ.

ಕೋಣೆಗೆ ಬಂದರೆ ಅಮ್ಮ ಅದೇ ಚಿತ್ರವನ್ನು ಹಿಗ್ಗಿಸಿಕೊಂಡು ಕೂತಿದ್ದಳು. ಬಾಲದ ತುದಿ ಪರದೆಯ ತುಂಬ.

"ಇನ್ನೂ ಏನಮ್ಮ ನೋಡ್ತೀಯ ಅದನ್ನ!" ಎಂದು ಸಿಡಿದೆ. "ಅಪ್ಪ ಕಾಣಲ್ಲ, ನಿನಗೆ ಹುಳದ ಬಾಲ!"

"ಬೇರೇನು ನೋಡ್ಲಿ? ನನಗೆ ಬರೋದು ಇದೊಂದೇ."

ಆ ಮಾತಿಗೆ ನನ್ನ ಕೋಪ ಜರ್ರನೆ ಇಳಿಯಿತು. ಅವಳ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು, ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಆ ಸಾಲನ್ನೆಲ್ಲ ಮತ್ತೆ ನೋಡಿದೆ. ಪ್ರತಿಯೊಂದರ ಕೆಳಗೂ ಅಮ್ಮನ ಷರಾ. ಹೆಣ್ಣು, ಬಲಿತದ್ದು, ಚಿತ್ರ ಉತ್ತಮ. ಹೆಣ್ಣು, ಬಲಿತದ್ದು, ಅತ್ಯುತ್ತಮ. ಹುಳದ ಬಗ್ಗೆ ನನಗೇನೂ ತಿಳಿಯದು. ನನಗೆ ತಿಳಿದದ್ದು ಮನುಷ್ಯರನ್ನು ಹೇಗೆ ನಿಲ್ಲಿಸಿ, ಕೂರಿಸಿ, ಮಲಗಿಸಿ ಚಿತ್ರ ತೆಗೆಯುವುದು ಎಂಬುದಷ್ಟೇ. ಯಾವ ಎಕ್ಸ್‌ರೇ ನೋಡಿದರೂ ತೆಗೆಯುವಾಗ ಯಂತ್ರ ಎಷ್ಟು ಎತ್ತರದಲ್ಲಿತ್ತು, ರೋಗಿ ನಿಂತಿದ್ದನೇ ಮಲಗಿದ್ದನೇ ಎಂಬುದು ನನ್ನ ಕಣ್ಣಿಗೆ ಮೊದಲು ಬೀಳುತ್ತದೆ.

ಹುಲ್ಲುಕಡ್ಡಿಗಳು ಚಿತ್ರದ ಕೆಳಗಿನಿಂದ ಎದ್ದು ಮೇಲಕ್ಕೆ, ನಮ್ಮ ತಲೆಯ ಮೇಲಕ್ಕೆ ಹೋಗುತ್ತಿದ್ದವು. ಹುಳ ಕೂತದ್ದು ಕಡ್ಡಿಯ ಬುಡದಲ್ಲಿ. ಕೆಳಗಿನ ಅಂಚಿನಲ್ಲಿ ಮಸುಕು ಕಂದು ಬಣ್ಣ, ಅದು ಮಣ್ಣು. ಇಷ್ಟು ಹತ್ತಿರದ ಮಣ್ಣು.

"ಅಮ್ಮ, ಅಪ್ಪ ಬಗ್ಗಿಲ್ಲ."

"ಏನು?"

"ಬಗ್ಗಿದ್ರೆ ಕ್ಯಾಮೆರಾ ಇಷ್ಟು ಕೆಳಗೆ ಬರಲ್ಲ. ನೆಲದ ಮೇಲಿದೆ ಕ್ಯಾಮೆರಾ. ಅಪ್ಪ ಮಲಗಿದ್ದಾರೆ."

ಅಮ್ಮ ಚಿತ್ರವನ್ನು ನೋಡಿದಳು. ಹುಳವನ್ನಲ್ಲ, ಚಿತ್ರವನ್ನು. ಅವಳ ಮುಖ ನನ್ನ ಕಣ್ಣೆದುರೇ ಬಿಳಿಚಿಕೊಂಡಿತು.

"ಬಿದ್ದಿದ್ದಾರೆ" ಎಂದಳು. "ಬಿದ್ದ ಮೇಲೆ ತೆಗೆದಿದ್ದಾರೆ."

ನಾನು ಅವಳ ಕೈ ಹಿಡಿದುಕೊಂಡೆ.

"ಭೇಷ್ ಅಂದೆ ಕಣೇ ನಾನು! ಭೇಷ್, ಹೀಗೇ ತೆಗೀರಿ, ಇನ್ನೂ ಬೇಕು ಅಂತ ಬರೆದು ಕಳಿಸ್ದೆ. ನಿನಗೂ ಫೋನ್ ಮಾಡಿ ಕುಣಿದಾಡ್ದೆ."

"ನಾನೂ ನಕ್ಕೆನಲ್ಲಮ್ಮ."

ಅವಳಿಗೆ ಸಮಾಧಾನ ಹೇಳಬೇಕೆಂದರೆ ನನ್ನೊಳಗೆ ಒಂದು ಹನಿ ಸಮಾಧಾನವಿರಲಿಲ್ಲ. ಅಪ್ಪ ಅಲ್ಲಿ ಬಿದ್ದುಕೊಂಡು ಬಟನ್ ಒತ್ತುತ್ತಿದ್ದಾಗ ಇಲ್ಲಿ ಇಬ್ಬರೂ ಸೂರ್ಯ ಯಾವ ಕಡೆ ಹುಟ್ಟಿದ ಎಂದು ನಗುತ್ತಿದ್ದೆವು.

ಆ ಸಾಲಿನ ಒಂದು ಚಿತ್ರದಲ್ಲಿ ಹುಳದ ಹಿಂದೆ ಬೂದುಬಣ್ಣದ ಉದ್ದನೆಯದೇನೋ ಮಸುಕಾಗಿ ನಿಂತಿತ್ತು. ಅರ್ಧ ಮಾತ್ರ, ಮೇಲಿನ ಭಾಗ ಕತ್ತರಿಸಿಹೋಗಿತ್ತು.

"ಇದೇನಮ್ಮ ಹಿಂದೆ?"

"ಹಿನ್ನೆಲೆ" ಎಂದಳು, ನಿದ್ದೆಯಲ್ಲಿ ಮಾತಾಡುವವಳ ಹಾಗೆ. "ಹಿನ್ನೆಲೆ ನಾನು ನೋಡಲ್ಲ."

"ತೆಗೆದು ಹಾಕಿದೆ ಅಂದ್ಯಲ್ಲ, ಹುಳ ಇಲ್ಲದ್ದು? ಅವೆಲ್ಲ ಎಲ್ಲಿ?"

ಬಿಸಾಡಿದ ಕಡತಗಳು ಹೋಗಿ ಬೀಳುವ ಬುಟ್ಟಿಯನ್ನು ನಾನೇ ತೆರೆದೆ. ದೇವರಿಗೆ ಹರಕೆ ಹೊರುವವಳಲ್ಲ ನಾನು, ಆದರೂ ಆ ಕ್ಷಣ ಯಾರ್‍ಯಾರನ್ನೋ ಬೇಡಿಕೊಂಡೆ.

ಅಲ್ಲಿದ್ದವು. ಆಕಾಶ. ಹುಲ್ಲು ಮತ್ತು ಆಕಾಶ. ಅಪ್ಪನ ಬಲಗಾಲಿನ ಬೂಟು, ಅಡ್ಡಕ್ಕೆ ತಿರುಗಿಕೊಂಡದ್ದು. ಆಮೇಲೆ ಒಂದು ವಿದ್ಯುತ್ ಗೋಪುರ, ಓರೆಯಾಗಿ. ಮತ್ತೆ ಅದೇ ಗೋಪುರ, ಇನ್ನಷ್ಟು ಹತ್ತಿರಕ್ಕೆ ಎಳೆದದ್ದು. ಮತ್ತೆ ಅದೇ, ಕೈ ನಡುಗಿ ಕಲಸಿಹೋದದ್ದು. ಮತ್ತೆ ಅದೇ. ಕಡೆಗೆ ಒಂದರಲ್ಲಿ ಗೋಪುರದ ಕಾಲಿಗೆ ಬಡಿದ ಹಳದಿ ತಗಡು, ಅದರ ಮೇಲೆ ಕಪ್ಪು ಅಕ್ಷರದ ನಂಬರು. ಮಗು ಕೂಡ ಓದುವಷ್ಟು ಚೆನ್ನಾಗಿತ್ತು.

ನನಗೆ ಸ್ಕೂಟರ್ ಕಲಿಸುವಾಗ ಅಪ್ಪ ಹೇಳಿದ್ದ ಮೊದಲ ಪಾಠ ಅದು. ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತರೆ ಎಂಜಿನ್ ಮುಟ್ಟುವ ಮುಂಚೆ ಹತ್ತಿರದ ಕಂಬದ ನಂಬರ್ ನೋಡಿಕೊಳ್ಳಬೇಕು. ಡಿಪೋಗೆ ಫೋನ್ ಮಾಡಿ ಆ ನಂಬರ್ ಹೇಳಿಬಿಟ್ಟರೆ ಸಾಕು, ಉಳಿದದ್ದು ಅವರ ಕೆಲಸ. ಅಪ್ಪ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಮಧ್ಯಾಹ್ನವೇ ಮಾಡಿದ್ದರು. ಹುಳ ಇದ್ದರೆ ಮಾತ್ರ ಮೇಡಂ ನೋಡುತ್ತಾಳೆಂದು ಹುಳವನ್ನೂ ಕಂಬವನ್ನೂ ಒಂದೇ ಚಿತ್ರದಲ್ಲಿ ಸೇರಿಸಲು ಕೂಡ ನೋಡಿದ್ದರು. ಮೇಡಂ ಹುಳ ಇಟ್ಟುಕೊಂಡು ಕಂಬ ಕತ್ತರಿಸಿದ್ದಳು, ಅತ್ಯುತ್ತಮ ಎಂದು ಬರೆದಿದ್ದಳು.

ನಾನು ನಂಬರ್ ಕೂಗುತ್ತ ಹೊರಗೆ ಓಡಿದೆ. ಅಧಿಕಾರಿ ವಾಕಿಟಾಕಿಯಲ್ಲಿ ಅದನ್ನು ಹೇಳಿದ. ಆಮೇಲೆ ಟಾರ್ಚುಗಳೆಲ್ಲ ಒಂದೇ ಕಡೆಗೆ ತಿರುಗಿದವು. ನಾವು ಕಾದೆವು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಕೂರು ಎಂದರೆ ಕೂರಲಿಲ್ಲ. ವಾಕಿಟಾಕಿ ಗೊರಗೊರ ಎಂದಿತು.

"ಸಿಕ್ಕಿದ್ರು. ಉಸಿರಿದೆ."

ಅಮ್ಮ ಅಲ್ಲೇ ಕುಸಿದು ಕೂತಳು. ಉಸಿರಿದೆ, ಉಸಿರಿದೆ ಎಂದು ನನಗೆ ಹೇಳಿದಳು, ನಾನು ಕೇಳಿಸಿಕೊಂಡಿಲ್ಲವೇನೋ ಎಂಬಂತೆ. ಸ್ಟ್ರೆಚರಿನಲ್ಲಿ ತಂದಾಗ ಅಪ್ಪನ ಕಣ್ಣು ಮುಚ್ಚಿತ್ತು, ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಬಲಗೈ ಸ್ಟ್ರೆಚರಿನಿಂದ ಜಾರಿ ತೂಗುತ್ತಿತ್ತು. ಕ್ಯಾಮೆರಾ ಎಡಗೈಯ ಬೆರಳುಗಳಲ್ಲಿ ಸಿಕ್ಕಿಕೊಂಡಿತ್ತು, ಬಿಡಿಸಲು ಕಷ್ಟವಾಯಿತು ಎಂದು ಒಬ್ಬ ಹೇಳಿದ. ಫೋನಿನ ಚೀಲ ಆ ಕೈಗೆ ಎಟುಕದ ಹಾಗೆ ಬೆನ್ನಡಿಯಲ್ಲಿ ಒತ್ತಿಹೋಗಿತ್ತಂತೆ.

ಆಂಬುಲೆನ್ಸ್ ನನ್ನ ಆಸ್ಪತ್ರೆಗೇ ಬಂತು. ಪಾಳಿಯಲ್ಲಿದ್ದ ಜೊತೆಯವನು ನನ್ನನ್ನು ನೋಡಿ "ನೀನು ಹೊರಗಿರು, ನಾನು ತೆಗೀತೀನಿ" ಎಂದ.

"ಬೇಡ. ನಮ್ಮ ಮನೇಲಿ ಚಿತ್ರ ಸರಿ ಬರದಿದ್ರೆ ಬೈಗುಳ ಬೀಳುತ್ತೆ" ಎಂದೆ. ಅದನ್ನು ಯಾಕೆ ಹೇಳಿದೆನೋ. ಅವನು ಪಕ್ಕಕ್ಕೆ ಸರಿದು ನಿಂತ.

ಅಪ್ಪನ ತಲೆಯನ್ನು ನಾನೇ ಎತ್ತಿ ಮೆತ್ತನೆಯ ತೊಟ್ಟಿಲಿನಂಥ ಆಸರೆಯಲ್ಲಿಟ್ಟೆ. ಕೂದಲಲ್ಲಿ ಹುಲ್ಲಿನ ಬೀಜ ಅಂಟಿತ್ತು. "ಅಪ್ಪಾ, ಅಲುಗಾಡಬೇಡಿ, ಒಂದೇ ನಿಮಿಷ" ಎಂದೆ. ಎಲ್ಲರಿಗೂ ಹೇಳುವ ಮಾತು. ಈ ಸಲ ಅದು ನನಗೇ ಕೇಳಿಸಿತು. ಗಾಜಿನ ಆಚೆ ಹೋಗಿ ಬಟನ್ ಒತ್ತಿದೆ. ಅಪ್ಪ ಅಲುಗಾಡಲಿಲ್ಲ. ಕೂದಲೆಳೆಯಷ್ಟೂ ಅಲುಗಾಡಲಿಲ್ಲ.

ಪರದೆಯ ಮೇಲೆ ಚಿತ್ರ ಒಂದೊಂದೇ ಪದರವಾಗಿ ಮೂಡಿತು. ಅಂಚುಗಳು ಚಾಕುವಿನಲ್ಲಿ ಕೊರೆದ ಹಾಗೆ ಬಂದಿದ್ದವು. ಅಷ್ಟು ಚೆನ್ನಾದ ಚಿತ್ರವನ್ನು ನಾನು ಆವರೆಗೆ ತೆಗೆದಿರಲಿಲ್ಲ. ಮಿದುಳಿನ ಎಡಭಾಗದಲ್ಲಿ ಬಿಳಿ. ರಕ್ತ ಹಾಗೆಯೇ ಬಿಳಿಯಾಗಿ ಕಾಣುತ್ತದೆ. ಅದು ಎಡಭಾಗದಲ್ಲಿ ನಿಲ್ಲದೆ ಮಿದುಳಿನ ನಡುಗೆರೆಯನ್ನೇ ಆಚೆಗೆ ತಳ್ಳಿತ್ತು. ಹಾಗಾದವರು ಮತ್ತೆ ಎದ್ದು ಕೂತದ್ದನ್ನು ನಾನು ಕಂಡದ್ದು ಕಡಿಮೆ. ಜೊತೆಯವನು ನನ್ನ ಹೆಗಲ ಮೇಲೆ ಕೈಯಿಟ್ಟ, ಏನೂ ಹೇಳಲಿಲ್ಲ. ಹೇಳುವ ಹಾಗಿಲ್ಲ, ನಾವು ತೆಗೆಯುವವರು ಮಾತ್ರ.

ಹೊರಗೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು, ಎರಡು ಬೇರೆ ಬೇರೆ ಚಪ್ಪಲಿಯ ಕಾಲುಗಳನ್ನು ಜೋಡಿಸಿಟ್ಟುಕೊಂಡು. ಮಡಿಲಲ್ಲಿ ಅಪ್ಪನ ಕ್ಯಾಮೆರಾ. ದಿನಾ ಅಲ್ಲಿ ಕೂರುವವರ ಮುಖವೇ ಅವಳ ಮುಖವಾಗಿತ್ತು. ಏನಿದೆ ಎಂದು ಅವಳು ಕೇಳಲಿಲ್ಲ. ಅವಳು ಕೇಳಿದ್ದೇ ಬೇರೆ.

"ಚಿತ್ರ ಹೇಗೆ ಬಂದಿದೆ?"

ನಾನು ತೆಗೆಯೋಳು ಅಷ್ಟೇ ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ. ಈ ಒಂದು ರಾತ್ರಿಯಾದರೂ ಅವಳು 'ನಿರ್ಧರಿಸಲಾಗದು' ಎಂದುಕೊಂಡಿರಲಿ ಎನಿಸಿತು.

"ಸರಿಯಾಗಿ ಬಂದಿಲ್ಲಮ್ಮ. ಅಲುಗಾಡಿಬಿಟ್ಟಿದೆ."

ಅಮ್ಮ ತಟ್ಟನೆ ತಲೆ ಎತ್ತಿದಳು. ಅವಳ ಮುಖಕ್ಕೆ ರಕ್ತ ಮರಳಿ ಬಂದದ್ದು ನನಗೆ ಕಾಣಿಸಿತು.

"ಅಲುಗಾಡಿದ್ರಾ?" ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿಜ ಹೇಳು, ನೀನೇ ನೋಡಿದ್ಯಾ? ಅಲುಗಾಡಿದ್ರಾ?"

ನಾನು ಹೂಂ ಎಂದೆ.

"ಯಾವ ಕೈ?"

"ಎಡಗೈ."

"ಹೌದು, ಎಡಗೈಯೇ ಇರಬೇಕು" ಎಂದಳು ಅಮ್ಮ, ಕ್ಯಾಮೆರಾವನ್ನು ಸೆರಗಿನಲ್ಲಿ ಒರೆಸುತ್ತ. "ಚಿತ್ರ ತೆಗೆದದ್ದೂ ಅದರಲ್ಲೇ ಅಲ್ವಾ."